ಚೌಕಟ್ಟಿನ ಅಜ್ಜನಿಗೆ ಎಡೆ

ಆ ಬೇಸಿಗೆಯಲ್ಲಿ ನನ್ನ ತಲೆಯೊಳಗೆ ಇದ್ದದ್ದು ಒಂದೇ ಮಾತು: ತನ್ವಿ ತಿನ್ನುತ್ತಿಲ್ಲ. ಎದ್ದರೆ ಅದೇ, ಮಲಗಿದರೆ ಅದೇ, ಒಲೆಯ ಮೇಲೆ ಹಾಲು ಉಕ್ಕಿ ಹೋಗುವಾಗಲೂ ಅದೇ. ವರ್ಷ ತುಂಬಿ ನಡೆಯಲು ಕಲಿತಿದ್ದ ಕೂಸು. ರಾಗಿ ಗಂಜಿ ಕೊಟ್ಟರೆ ಉಗುಳುತ್ತಿದ್ದಳು, ತುಪ್ಪದನ್ನ ತಂದರೆ ತುಟಿ ಬಿಗಿಯುತ್ತಿದ್ದಳು, ಬಾಳೆಹಣ್ಣು ಕೈಗಿಟ್ಟರೆ ಸೋಫಾಕ್ಕೆ ತಿನ್ನಿಸುತ್ತಿದ್ದಳು. ಮಡಗಾಂವದ ಡಾಕ್ಟರು ತೂಕ ನೋಡಿ, "ಮಗು ಚೆನ್ನಾಗಿದೆ, ತಾಯಿಗೆ ಸ್ವಲ್ಪ ನಿದ್ದೆ ಬೇಕು" ಎಂದರು. ನಾನು ಡಾಕ್ಟರನ್ನು ಬದಲಾಯಿಸಿದೆ. ಎರಡನೆಯವರು ನಿದ್ದೆಯ ಜೊತೆಗೆ ನನಗೆ ಟಾನಿಕ್ಕನ್ನೂ ಬರೆದುಕೊಟ್ಟರು.

ಧಾರವಾಡದಿಂದ ನಮ್ಮ ಅತ್ತೆ ಕೃಷ್ಣಾಬಾಯಿ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದರು. ಹಲೋ ಅನ್ನುವ ಜಾಗದಲ್ಲೇ ಪ್ರಶ್ನೆ.

"ಏನ್ ತಿಂದ್ಲು?"

"ಇಡ್ಲಿ, ಅತ್ಯಾ."

"ಪೂರ್ತಿ?"

"ಅರ್ಧ."

ಅದು ಅರ್ಧವೂ ಅಲ್ಲ. ಇಡ್ಲಿಯ ಒಂದು ಅಂಚು, ಅದೂ ನಾನು ಬೆನ್ನು ತಿರುಗಿಸಿದಾಗ ನೆಲದಿಂದ ಎತ್ತಿ ಬಾಯಿಗೆ ಹಾಕಿಕೊಂಡದ್ದು.

ಇದರ ಜೊತೆಗೆ ಇನ್ನೊಂದು ಫೋನು ನನ್ನ ಕೊರಳಿಗೆ ಬಿದ್ದಿತ್ತು. ನಾನು ಓದಿದ್ದು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆ, ಆಮೇಲೆ ಧಾರವಾಡದಲ್ಲಿ ಗಣಿತದ ಎಂಎಸ್ಸಿ, ಆಮೇಲೆ ಪವಮಾನನನ್ನು ಮದುವೆಯಾಗಿ ಮಡಗಾಂವದ ಫಾತೋರ್ಡಾ ಬಡಾವಣೆಯ ಎರಡನೇ ಮಹಡಿ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಹೈಯರ್ ಸೆಕೆಂಡರಿಯಲ್ಲಿ ಜೂನಿನಿಂದ ಗಣಿತ ಕಲಿಸಲು ನನ್ನನ್ನು ಕರೆದಿದ್ದರು. ಕಪ್ಪು ಹಲಗೆಯ ಮುಂದೆ ಮತ್ತೆ ನಿಲ್ಲಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಚಪಾತಿ ಹಿಟ್ಟಿನ ಮೇಲೆ ಬೆರಳಿನಿಂದ ಸಮೀಕರಣ ಬರೆಯುತ್ತಿದ್ದೆ. ಆದರೆ ಕೂಸನ್ನು ಯಾರ ಕೈಗೆ ಕೊಡುವುದು? ಪ್ರಿನ್ಸಿಪಾಲ್ ಮೇಡಂ ಎರಡು ಸಲ ಕೇಳಿದರು, ನಾನು ಎರಡು ಸಲವೂ ನಾಳೆ ಹೇಳುತ್ತೇನೆ ಎಂದೆ. ಕೊನೆಗೆ ಅವರು, "ಸೋಮವಾರ ಸಂಜೆಯೊಳಗೆ ಹೇಳಿ. ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ" ಎಂದರು.

ಆ ವಾರವೇ ಸುಂದರವ್ವ ನಮ್ಮ ಮನೆಗೆ ಬಂದದ್ದು. ಕೂಸನ್ನು ನೋಡಿಕೊಳ್ಳುವವರು ಬೇಕೆಂದು ಕೆಳಮನೆಯವರಿಗೆ ಹೇಳಿದ್ದೆ, ಅವರು ಕಳಿಸಿದ್ದರು. ಐವತ್ತರ ಹತ್ತಿರದ ಹೆಂಗಸು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕುಂಕುಮ. ಒಳಗೆ ಬಂದವಳು ನನ್ನನ್ನಾಗಲೀ ಕೂಸನ್ನಾಗಲೀ ನೋಡದೆ, ನೇರ ಅಡಿಗೆಮನೆಗೆ ಹೋಗಿ ಗೋಡೆಯನ್ನು ತಟ್ಟಿದಳು.

"ಇದು ನಮ್ಮವ್ರು ಕಟ್ಟಿದ ಗ್ವಾಡಿ ನೋಡ್ರಿ ಅಕ್ಕಾರ. ಉಸುಕ ಹೊತ್ತಾಕಿ ನಾನ. ಆವಾಗ ಇಲ್ಲಿ ಗ್ಯಾಸಿನ ಕಟ್ಟಿ ಇರಲಿಲ್ಲ, ಇಲ್ಲೇ ಮೂರು ಕಲ್ಲ ಇಟ್ಟು ರೊಟ್ಟಿ ಬಡೀತಿದ್ದೆ."

ಅಂದರೆ ನನ್ನ ಅಡಿಗೆಮನೆಯಲ್ಲಿ ನನಗಿಂತ ಮೊದಲು ಅಡಿಗೆ ಮಾಡಿದವಳು ಅವಳು. ಈ ವಿಚಾರ ನನಗೆ ಅಷ್ಟೇನೂ ಹಿಡಿಸಲಿಲ್ಲ. ಕೂಸು ತಿನ್ನುವುದಿಲ್ಲ ಎಂದು ಹೇಳಿದೆ. ಅವಳು ನಕ್ಕಳು.

"ಉಣ್ಣಲಾರದ ಮಂದೀನ ನಾ ಇನ್ನೂ ನೋಡಿಲ್ರಿ."

ನಾನು ಸಂದರ್ಶನ ಮಾಡಲು ಕುಳಿತವಳ ಹಾಗೆ, ನಿನ್ನ ಬಗ್ಗೆ ಒಳ್ಳೆಯದು ಹೇಳುವವರು ಯಾರಿದ್ದಾರೆ ಎಂದು ಕೇಳಿದೆ. ಅವಳು ಹೇಳಿದಳು:

"ಕುಡ್ತರಿ ಕಡೆ ನಮ್ಮ ಒಡತಿ ಬಾಯಿಯವ್ರ ದೊಡ್ಡ ಮನಿ ಐತ್ರಿ. ನಾ ಅಲ್ಲೇ ಇರೂದು. ಐತವಾರ ಐತವಾರ ಮಂದಿ ಬಂದು ಮನಿ ನೋಡಿ ಉಂಡ ಹೋಗತಾರ. ಮಳಿಗಾಲ ಬಂತಂದ್ರ ಯಾರೂ ಬರೂದಿಲ್ಲ, ನನ್ನ ಕೈ ಕಡೀತಾವ. ಅದಕ್ಕ ಬಂದೇನಿ. ನೀವೂ ಒಮ್ಮಿ ಬರ್ರಿ. ಆ ಮನಿ ನೋಡಿದ್ರ ನನ್ನ ನೋಡಿದಂಗ."

ಆ ಮನೆಗೆ ಹೋಗುವ ಸಂದರ್ಭ ತಾನಾಗಿ ಬಂತು. ಮಡ್ಕಯಿಯಲ್ಲಿ ಪವಮಾನ ಕೆಲಸ ಮಾಡುವ ಔಷಧಿ ಕಾರ್ಖಾನೆಯ ದೊಡ್ಡ ಸಾಹೇಬರು ಮುಂಬೈಗೆ ವರ್ಗವಾಗಿದ್ದರು. ಬೀಳ್ಕೊಡುಗೆಯ ಊಟ ಅದೇ ಮನೆಯಲ್ಲಿ, ಕುಟುಂಬ ಸಮೇತ, ಪ್ರಿನ್ಸಿಪಾಲರ ಆ ಸೋಮವಾರದ ಹಿಂದಿನ ದಿನ, ಭಾನುವಾರ. ನನ್ನ ಲೆಕ್ಕ ಸರಳವಾಗಿತ್ತು: ನೂರಾರು ವರ್ಷದ ಪಿಂಗಾಣಿ ಇರುವ ಮನೆಯಲ್ಲಿ ಈ ಹೆಂಗಸು ಏನನ್ನೂ ಒಡೆಯದೆ ಇದ್ದಿದ್ದರೆ, ನನ್ನ ಮಗಳನ್ನೂ ಕೆಳಗೆ ಬೀಳಿಸುವುದಿಲ್ಲ. ಪವಮಾನನಿಗೆ ಹೇಳಿದೆ.

"ಅಲ್ಲ ಶ್ರೀ, ತನ್ವಿ ಏನು ಚಾದ ಕಪ್ಪೇನು?" ಎಂದ.

ಗೇಟು ತೆರೆದವನು ಸುಂದರವ್ವನ ಗಂಡ ಭರಮಪ್ಪ. ಕಡ್ಡಿಯಂತಿದ್ದ. ಊಟ ಹಾಕುವುದರಲ್ಲಿ ಹೆಸರಾದವಳ ಗಂಡ ಹೀಗಿರುವುದನ್ನು ನೋಡಿ ನನ್ನ ಭರವಸೆ ಅಲ್ಲೇ ಅರ್ಧ ಕುಸಿಯಿತು. ಅವನೇ ನನ್ನ ಮುಖ ನೋಡಿ ಹೇಳಿದ:

"ನಾ ತೆಳ್ಳಗದೇನಂತ ಅನುಮಾನ ಮಾಡಬ್ಯಾಡ್ರಿ ಅಕ್ಕಾರ. ಆಕಿ ಬಡಿಸೂದಕ್ಕ ಹೆದರಿ ದಿನಾ ಈ ಕಂಪೌಂಡ ಸುತ್ತತೇನಿ."

ಮನೆ ಒಡತಿ ಡೋನಾ ಎರ್ಮೆಲಿಂಡಾ ಮೆಟ್ಟಿಲ ಮೇಲೆ ನಿಂತಿದ್ದರು. ಎಪ್ಪತ್ತೈದು ದಾಟಿದ ವಿಧವೆ. ಹೂವಿನ ಫ್ರಾಕು, ಮುತ್ತಿನ ಸರ, ಕೈಯಲ್ಲಿ ಕೋಲು. ನಮ್ಮನ್ನೆಲ್ಲ ಸಾಲಾಗಿ ಒಳಗೆ ಕರೆದೊಯ್ದು ಇಂಗ್ಲಿಷಿನಲ್ಲಿ ಮನೆಯ ಚರಿತ್ರೆ ಶುರುಮಾಡಿದರು. ಗಾಜಿಲ್ಲದ ಕಿಟಕಿಗಳು, ಅವುಗಳಲ್ಲಿ ಗಾಜಿನ ಬದಲು ತೆಳ್ಳಗೆ ತೇಯ್ದ ಸಿಂಪಿಯ ಚೂರುಗಳು. ಅವುಗಳ ಮೂಲಕ ಮಧ್ಯಾಹ್ನದ ಬಿಸಿಲು ಮಜ್ಜಿಗೆಯ ಹಾಗೆ ಒಳಗೆ ಇಳಿಯುತ್ತಿತ್ತು. ಬಾಲ್ ರೂಮು, ಬೆಲ್ಜಿಯಂನಿಂದ ಹಡಗಿನಲ್ಲಿ ಬಂದ ಗಾಜಿನ ತೂಗುದೀಪದ ಝೂಮರು, ಮನೆಯೊಳಗೇ ಪ್ರಾರ್ಥನೆಗೆಂದು ಒಂದು ಸಣ್ಣ ಇಗರ್ಜಿ, ಅಂದರೆ ಚರ್ಚು. ಎಲ್ಲರೂ ಆಹಾ ಎನ್ನುತ್ತಿದ್ದರು. ನಾನು ಎಣಿಸುತ್ತಿದ್ದದ್ದು ಬೇರೆ. ಅಮೃತಶಿಲೆಯ ಮೇಜಿನ ಮೂಲೆ: ಕೂಸಿನ ಹಣೆಯ ಎತ್ತರಕ್ಕೇ ಇದೆ. ನೆಲದ ಹಲಗೆಗಳ ಸಂದು: ಬೆರಳು ಸಿಕ್ಕಿಬೀಳುತ್ತದೆ. ಝೂಮರಿನ ಹರಳು: ನುಂಗುವ ಅಳತೆಯದು. ಮನೆಯ ನಡುವಿನ ಅಂಗಳದಲ್ಲಿ ಬಾವಿ: ದೇವರೇ.

ಊಟದ ಕೋಣೆಯ ಹತ್ತಿರ ಬರುವಷ್ಟರಲ್ಲಿ ಡೋನಾ ಅವರ ಮೊಣಕಾಲು ನೋಯತೊಡಗಿತು. ಅವರು ಕುರ್ಚಿಯಲ್ಲಿ ಕೂತು, "ಸುಂದರ್, ಉಳಿದದ್ದು ನೀನು ತೋರಿಸು" ಎಂದು ಕೊಂಕಣಿಯಲ್ಲಿ ಹೇಳಿದರು. ಚರಿತ್ರೆ ಒಮ್ಮೆಲೇ ಇಂಗ್ಲಿಷ್ ಬಿಟ್ಟು ಸುಂದರವ್ವನ ನವಲಗುಂದದ ಕನ್ನಡಕ್ಕೆ ಇಳಿಯಿತು. ಉಳಿದವರಿಗೆ ಅವಳು ಕೊಂಕಣಿ ಹಿಂದಿ ಬೆರೆಸಿ ಕೈಸನ್ನೆಯಲ್ಲಿ ಹೇಳಿದಳು.

ಎರಡು ಆಸನಗಳು ಬೆನ್ನಿಗೆ ಬೆನ್ನು ತಿರುಚಿಕೊಂಡಂತಿದ್ದ ಒಂದು ಕುರ್ಚಿ. "ಇದು ಮದಿವಿ ಗೊತ್ತಾದ ಹುಡುಗ ಹುಡುಗಿ ಕೂಡೋ ಖುರ್ಚಿ. ಮಾರಿ ನೋಡಬಹುದು, ಮಗ್ಗಲಾಗ ಕೂಡಂಗಿಲ್ಲ. ಯಾ ಬಡಿಗ್ಯಾ ಮಾಡಿದ್ನೋ, ಅವನ ಮಗಳದೂ ಮದಿವಿ ಇದ್ದಿರಬೇಕು."

ಗೋಡೆಯ ತುಂಬ ನೀಲಿ ಬಿಳಿ ಚೀನಿ ತಟ್ಟೆಗಳು. "ಇವನ್ನ ನೋಡಿದ್ರ ನನ್ನ ಹೊಟ್ಟಿ ಚುರ್ ಅಂತೈತ್ರಿ. ತಾಟ ಅಂದಮ್ಯಾಲ ಅನ್ನ ಕಾಣಬೇಕು. ಪಾಪ, ಯಾರ್ನ ಏನಂದಿದ್ವೋ, ಗ್ವಾಡಿಗೆ ಬಡದಾರ."

"ಯಾವತ್ತಾದರೂ ಒಂದನ್ನು ಒಡೆದಿದ್ದೀಯಾ?" ನನ್ನ ಪರೀಕ್ಷೆಯ ಪ್ರಶ್ನೆ.

"ಮುಟ್ಟಿದ್ರ ಅಲ್ಲೇನ್ರಿ ಒಡೆಯೂದು? ಖಾಲಿ ತಾಟ ನಾ ಯಾಕ ಮುಟ್ಲಿ!"

ಅದು ಉತ್ತರವೋ ಅಲ್ಲವೋ ತಿಳಿಯದೆ ನಾನು ಮುಂದೆ ನಡೆದೆ. ಪಕ್ಕದ ಪಡಸಾಲೆಯಲ್ಲಿ ಚಿನ್ನದ ಬಣ್ಣದ ಚೌಕಟ್ಟಿನೊಳಗೆ ಒಬ್ಬ ದಪ್ಪ ಮನುಷ್ಯ; ಕಪ್ಪು ಕೋಟು, ಹುರಿಮೀಸೆ, ಊಟದ ಹೊತ್ತು ಮೀರಿದವನ ಸಿಟ್ಟು. ಚಿತ್ರದ ಕೆಳಗೆ ನೆಲದ ಮೇಲೆ ಒಂದು ಮಣೆ, ಮಣೆಯ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿತ್ತು.

"ಬಾಯಿಯವ್ರ ಅಜ್ಜ," ಎಂದಳು ಸುಂದರವ್ವ, ಸೆರಗು ಸರಿಮಾಡಿಕೊಂಡು. "ಮನ್ಯಾಗ ಮಂದಿಗೆ ಊಟ ಹಾಕೂ ದಿವ್ಸ ಮೊದಲ ಹಿರೇರಿಗೆ ಎಡಿ ಹಿಡೀಬೇಕಲ್ರಿ. ಇವ್ರ ಮನ್ಯಾಗ ಯಾರೂ ಹಿಡೀತಿರಲಿಲ್ಲ. ಅದಕ್ಕ ನೋಡ್ರಿ, ನಾ ಬರೂಮುಂದ ಮನಿ ಸೋರತಿತ್ತು."

ಮನೆ ಸೋರುತ್ತಿದ್ದದ್ದು ಖರೆ. ಆ ಕಥೆಯನ್ನು ಡೋನಾ ಅವರೇ ಮೇಜಿಗೆ ಕೂತ ಮೇಲೆ ಹೇಳಿದರು. ಹೆಂಚು ಬದಲಿಸಲು ಬಂದ ಗಾರೆ ಕೆಲಸದವರಲ್ಲಿ ಭರಮಪ್ಪ ಒಬ್ಬ. ಸುಂದರವ್ವ ಹಿತ್ತಲಿನ ಮಾವಿನ ಮರದ ಕೆಳಗೆ ಎಲ್ಲರಿಗೂ ಅಡಿಗೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಉಪ್ಪು ಕೇಳಲು ಒಳಗೆ ಬಂದಳು. ಮೂವತ್ತು ಜನ ಕೂರುವ ಮೇಜಿನ ತುದಿಯಲ್ಲಿ ಡೋನಾ ಒಬ್ಬರೇ ಕೂತು ಒಂದು ಸಣ್ಣ ಪಾವ್ ಬ್ರೆಡ್ಡನ್ನು ಸಾರಿನಲ್ಲಿ ಅದ್ದುತ್ತಿದ್ದರು, ಅದರಲ್ಲೂ ಅರ್ಧ ಬಿಟ್ಟಿದ್ದರು. ಸುಂದರವ್ವ ಉಪ್ಪು ಮರೆತಳು. ಹೊರಗೆ ಹೋಗಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು. ತಾಟು ಖಾಲಿಯಾಗುವ ತನಕ ಕದಲಲಿಲ್ಲ.

"ನನಗೆ ಕನ್ನಡ ಬರುತ್ತಿರಲಿಲ್ಲ, ಅವಳಿಗೆ ಕೊಂಕಣಿ ಬರುತ್ತಿರಲಿಲ್ಲ," ಎಂದರು ಡೋನಾ. "ನಾನು ಮೊದಲು ಕಲಿತ ಕನ್ನಡ ಮಾತು 'ಸಾಕು' ಅನ್ನುವುದು. ಅದೊಂದು ಮಾತು ಇವತ್ತಿಗೂ ಅವಳಿಗೆ ಅರ್ಥವಾಗುವುದಿಲ್ಲ."

ಹೆಂಚಿನ ಕೆಲಸ ಮುಗಿಯಿತು, ಮೇಸ್ತ್ರಿ ಬೇರೆ ಕಡೆ ಹೋದ, ಗಂಡ ಹೆಂಡತಿ ಉಳಿದರು. ಮನೆ ತೋರಿಸಿ ಊಟ ಹಾಕುವ ವ್ಯವಹಾರವೂ ಆಮೇಲೆಯೇ ಹುಟ್ಟಿದ್ದು. ಮೀನು ಮಾಂಸದ ಅಡಿಗೆ ಡೋನಾ ಮತ್ತು ಅವರ ಹಳೆಯ ಅಡಿಗೆಯವಳದು, ಬಡಿಸುವುದು ಸುಂದರವ್ವ. ಅವಳು ಅದನ್ನು ತಿನ್ನುವುದಿಲ್ಲ, ರುಚಿಯೂ ನೋಡುವುದಿಲ್ಲ. ಹಿತ್ತಲಲ್ಲಿ ತನ್ನದೇ ಒಲೆ ಇಟ್ಟುಕೊಂಡಿದ್ದಾಳೆ. ಸಾವರ್ಡೆಗೆ ಕೊಟ್ಟಿರುವ ಅವಳ ಮಗಳು, "ಅವ್ವಾ, ಪದೇ ಪದೇ ಬರಬ್ಯಾಡ, ನಿನ್ನ ಅಳಿಯಾಗ ಅಂಗಿ ಹಿಡೀವಲ್ಲವು" ಅಂದಿದ್ದಾಳಂತೆ.

ಊಟ ಶುರುವಾಯಿತು. ಡೋನಾ ಅವರ ಪದ್ಧತಿ ಪೋರ್ಚುಗೀಸರ ಕಾಲದ್ದು: ಒಂದಾದ ಮೇಲೊಂದು ಬಗೆ, ತಟ್ಟೆಯ ನಡುವೆ ಅಷ್ಟೇ ಅಷ್ಟು, ಸುತ್ತ ಖಾಲಿ ಜಾಗ. ಸುಂದರವ್ವನಿಗೆ ಆ ಖಾಲಿ ಜಾಗ ಕಣ್ಣಿಗೆ ಬಿದ್ದರೆ ತಡೆಯುವುದಿಲ್ಲ. ಸಕ್ಕರೆ ಕಾಯಿಲೆಯ ದೊಡ್ಡ ಸಾಹೇಬರ ಹಿಂದೆ ನಿಂತಳು.

"ಬಸ್, ಬಸ್," ಎಂದರು ಸಾಹೇಬರು.

"ನನ್ನ ಆಣಿ ಐತಿ ಸಾಹೇಬ್ರ. ಊರ ಬಿಟ್ಟ ಹೊಂಟೀರಿ. ಹಸದ ಹೋದ್ರಂತ ಮಂದಿ ನನ್ನ ಆಡಕೊಳ್ಳಲೇನು?"

ಸಾಹೇಬರಿಗೆ ಭಾಷೆ ತಿಳಿಯಲಿಲ್ಲ. ಸೌಟು ತಿಳಿಯಿತು. ಅವರು ಮೂರನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ಅವರ ಹೆಂಡತಿ ಬಾಯಿ ತೆರೆದು ನೋಡುತ್ತಿದ್ದರು. ಆ ತೆರೆದ ಬಾಯಿಯನ್ನು ನೋಡಿ ಸುಂದರವ್ವ ಅವರ ತಟ್ಟೆಗೂ ಹಾಕಿದಳು. ಸಸ್ಯಾಹಾರಿಗಳಾದ ನಮ್ಮಿಬ್ಬರಿಗೆ ಡೋನಾ ಬೇಯಿಸಿದ ಬೀನ್ಸ್ ಕಳಿಸಿದ್ದರು. ಅದರ ಕೆಳಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಕದ್ದು ಬಂದಿದ್ದವು. ಪವಮಾನ ಊರಿಗೆ ಹೋದವನ ಹಾಗೆ ತಿನ್ನತೊಡಗಿದ. ನಾನು ತನ್ವಿಗೆಂದು ಡಬ್ಬಿಯಲ್ಲಿ ತಂದಿದ್ದ ಸೋಸಿದ ಗಂಜಿ ತೆಗೆದೆ. ಕುರ್ಚಿ ಖಾಲಿ.

"ರೀ, ಕೂಸೆಲ್ಲಿ?"

"ಈಗ ಇಲ್ಲೇ ಇದ್ಲಲ್ಲ. ಗೋಡೆ ಮ್ಯಾಲಿನ ತಾಟು ನೋಡ್ಲಿ ಅಂತ ಕೆಳಗ ಇಳಿಸಿದ್ದೆ."

ನನ್ನ ಕಣ್ಣ ಮುಂದೆ ಬಂದದ್ದು ಬಾವಿ. ಅಲ್ಲಿಗೇ ಓಡಿದೆ. ಬಾವಿಯ ಮೇಲೆ ಕಬ್ಬಿಣದ ಜಾಲರಿ ಇತ್ತು, ಆಗ ಎಣಿಸುವಾಗ ನಾನು ಅದನ್ನು ನೋಡೇ ಇರಲಿಲ್ಲ. ಅಲ್ಲಿಂದ ಪಡಸಾಲೆಗೆ ಓಡಿದೆ. ಚೌಕಟ್ಟಿನ ಅಜ್ಜನ ಮುಂದೆ, ಮಣೆಯ ಪಕ್ಕ, ನನ್ನ ಮಗಳು ಕಾಲು ಚಾಚಿ ಕೂತಿದ್ದಳು. ಮೇಲಿನ ಎಲೆ ತೆಗೆದು ತಲೆಯ ಮೇಲೆ ಇಟ್ಟುಕೊಂಡಿದ್ದಳು. ಕೆಳಗಿನ ಎಲೆ ಹೆಚ್ಚುಕಡಿಮೆ ಖಾಲಿ. ಮೂಗಿನ ತನಕ ಕಂದು ಬಣ್ಣದ್ದೇನೋ ಮೆತ್ತಿಕೊಂಡಿತ್ತು. ಎರಡೂ ಕೈ ಬಾಯೊಳಗೆ.

ನಾನು ಕಿರುಚಿದೆ. ಮೇಜಿನಲ್ಲಿದ್ದವರೆಲ್ಲ ಎದ್ದು ಬಂದರು.

"ಏನಿತ್ತು ಅದರಾಗ? ಮೀನೇನು? ಹಂದೀದೇನು?" ಎಂದು ಅತ್ತೂ ಬಿಟ್ಟೆ. ಧಾರವಾಡದ ಫೋನು ಕಿವಿಯಲ್ಲಿ ಆಗಲೇ ಬಡಿಯುತ್ತಿತ್ತು. ಏನ್ ತಿಂದ್ಲು? ಪೂರ್ತಿ?

ಪವಮಾನ ಮಾತ್ರ ಎಲೆಯನ್ನೇ ನೋಡುತ್ತ, "ಶ್ರೀ, ಏನರ ಇರಲಿ, ತಿಂದಾಳ ನೋಡು," ಎಂದ. ಆ ಮಾತನ್ನು ನಾನು ಇನ್ನೂ ಮರೆತಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇಲ್ಲ.

ಸುಂದರವ್ವ ಸೌಟು ಹಿಡಿದೇ ಬಂದಳು. ಅವಳ ಮುಖ ಕೆಂಪಾಗಿತ್ತು.

"ಏನಂದ್ರಿ ಅಕ್ಕಾರ? ಹಿರೇರ ಎಡ್ಯಾಗ ಅದನ್ನ ಇಡತಾರೇನ್ರಿ ಯಾರರೆ? ಜಳಕಾ ಮಾಡಿ, ನನ್ನ ಒಲಿ ಮ್ಯಾಲ ನಾನ ಮಾಡಿದ್ದು. ಗೋದಿ ಹುಗ್ಗಿ, ಅನ್ನ, ಬ್ಯಾಳಿ ಸಾರು. ಯಾವತ್ತಿದ್ರೂ ಇದನ್ನ ಇಡೂದು!"

ನನಗೆ ಹೋದ ಜೀವ ಬಂತು. ಆದರೆ ಹಿಂದಿನಿಂದ ಕೋಲಿನ ಸದ್ದು. ಡೋನಾ ಎರ್ಮೆಲಿಂಡಾ ಮಾತು ಮಾತಿಗೂ ಸುಂದರವ್ವನ ಮುಖ ನೋಡುತ್ತ, ಕೇಳಿದ್ದನ್ನು ಮನಸ್ಸಿನಲ್ಲೇ ಕೊಂಕಣಿ ಮಾಡಿಕೊಳ್ಳುತ್ತಿದ್ದರು.

"ಯಾವತ್ತೂ? ಸುಂದರ್, ಯಾವತ್ತೂ ಬೇಳೆ ಸಾರೇ? ನಾನು ಮಾಡಿದ್ದನ್ನೇ ಇಡುತ್ತೀ ಅಂದುಕೊಂಡಿದ್ದೆನಲ್ಲ! ಅಜ್ಜನಿಗೆ ಇಷ್ಟು ವರ್ಷ ಒಂದು ತುಂಡು ಮೀನೂ ಇಲ್ಲವೇ?"

"ಇಲ್ರಿ ಬಾಯಿ," ಎಂದಳು ಸುಂದರವ್ವ, ಮೊದಲ ಸಲ ಸಣ್ಣ ದನಿಯಲ್ಲಿ.

"ಸಾಯ್ಬಾ ಭೊಗೊಸ್!" ದೇವರೇ ಕ್ಷಮಿಸು ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ಡೋನಾ ಬಾಗಿಲ ಬಳಿಯ ಆ ತಿರುಚಿದ ಕುರ್ಚಿಯಲ್ಲಿ ಕುಸಿದು ಕೂತರು. ಸಿಟ್ಟಾದರು ಎಂದುಕೊಂಡೆ. ಮುತ್ತಿನ ಸರ ಕುಣಿಯುತ್ತಿತ್ತು. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ. ಈ ಅಜ್ಜ ತಿಂದು ತಿಂದೇ ಸತ್ತವರಂತೆ. ಡಾಕ್ಟರು ಮೀನು ಮಾಂಸ ಬಿಡಿಸಿದರೆ, ಪ್ರಾರ್ಥನೆಯ ನೆಪದಲ್ಲಿ ಇಗರ್ಜಿಯ ಬಾಗಿಲು ಹಾಕಿಕೊಂಡು ಸೀಗಡಿ ತಿನ್ನುತ್ತಿದ್ದರಂತೆ. "ನನ್ನ ಅಜ್ಜಿ ಅತ್ತು ಕರೆದರೂ ಹಿಡಿಯದ ಪಥ್ಯವನ್ನು ಅವರು ಸತ್ತ ಮೇಲೆ ನೀನು ಹಿಡಿಸಿದೆಯಲ್ಲ, ಸುಂದರ್!"

"ಅವ್ರಿಗೆ ಬೇಕಂದ್ರ ನೀವ ಇಡ್ರಿ," ಎಂದಳು ಸುಂದರವ್ವ ಸೆಟೆದುಕೊಂಡು. "ಬ್ಯಾರೆ ಎಲಿ ಮ್ಯಾಲ."

ಇಷ್ಟೆಲ್ಲ ನಡೆಯುವಾಗ ತನ್ವಿ ಎಲೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿಯುತ್ತಿದ್ದಳು. ನಾನು ಆಸೆಯಿಂದ ಹತ್ತಿರ ಕೂತು, ಒಂದು ಚಮಚ ಹುಗ್ಗಿ ತರಿಸಿ, "ಆ ಮಾಡು ಚಿನ್ನೂ" ಎಂದೆ. ತುಟಿ ಬಿಗಿದವು. ನಾನು ಬಾಯಿ ತೆರೆದು ತೋರಿಸಿದೆ. ಅವಳು ಮುಖ ತಿರುಗಿಸಿದಳು. ನಾನು ಚಮಚವನ್ನು ಅವಳ ಮುಖದ ಹಿಂದೆಯೇ ಒಯ್ದೆ.

ಸುಂದರವ್ವ ನನ್ನ ಎರಡೂ ಭುಜ ಹಿಡಿದು, ಅಲಮಾರಿ ಸರಿಸಿದ ಹಾಗೆ ನನ್ನನ್ನು ಗೋಡೆಯ ಕಡೆ ತಿರುಗಿಸಿದಳು.

"ನೀವ ಅಜ್ಜನ ಮಾರಿ ನೋಡ್ರಿ."

ನಾನು ಅಜ್ಜನನ್ನು ನೋಡಿದೆ. ಅಜ್ಜ ನನ್ನನ್ನು ನೋಡಿದರು. ಇಬ್ಬರಿಗೂ ಊಟದ್ದೇ ಚಿಂತೆ. ನನ್ನ ಬೆನ್ನ ಹಿಂದೆ ಬಳೆಯ ಸದ್ದು, ಆಮೇಲೆ ಚಪ್ಪರಿಸುವ ಸದ್ದು, ಆಮೇಲೆ ಇನ್ನೊಂದು.

"ನಾಳೆ ಮುಂಜಾನೆ ಬರತೇನಿ," ಎಂದಳು ಸುಂದರವ್ವ ಹಿಂದಿನಿಂದ. "ಆದ್ರ ಒಂದ ಮಾತು. ನಾ ಉಣಸೂವಾಗ ನೀವ ಮನ್ಯಾಗ ಇರಬಾರದು."

"ನಾನೆಲ್ಲಿ ಹೋಗಲಿ?"

"ಎಲ್ಲೆರೆ ಹೋಗ್ರಿ. ಕಲ್ತೀರಂತಲ್ಲ, ಯಾರಿಗರೆ ಕಲಸಾಕ ಹೋಗ್ರಿ."

ಗೇಟಿನ ಹತ್ತಿರ ಭರಮಪ್ಪ ಕಾರಿನ ಕಿಟಕಿಯಲ್ಲಿ ಬಾಗಿ ಪವಮಾನನಿಗೆ ಮೆಲ್ಲಗೆ, "ಮಳಿಗಾಲ ಪೂರಾ ಇಟಗೊಳ್ರಿ ಸರ. ನಾನೂ ಸ್ವಲ್ಪ ಕುಂದರತೇನಿ," ಎಂದ.

ಸೋಮವಾರ ಅವಳು ಹೇಳಿದ ಹಾಗೆ ಬಂದಳು. ಚಪ್ಪಲಿ ಬಿಟ್ಟು ಅಡಿಗೆಮನೆಯ ಗೋಡೆ ತಟ್ಟಿದಳು, ಕೂಸನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು, ನನಗೆ ಬಾಗಿಲು ತೋರಿಸಿದಳು. ಹೊರಗೆ ಹೋಗಲು ನನ್ನ ಕಾಲು ಬರಲಿಲ್ಲ. ಬಾಲ್ಕನಿ ಸಾಲದೇ ಎಂದು ಕೇಳಿದೆ. ಸುಂದರವ್ವ, "ರಸ್ತೆ ಕಡೆ ಮಾರಿ ಮಾಡ್ರಿ ಹಂಗಾರ," ಎಂದು ಬಾಗಿಲು ಎಳೆದುಕೊಂಡಳು.

ಕೆಳಗೆ ಮೀನು ಮಾರುವವನ ಸೈಕಲ್ಲು ಹಾರ್ನು ಹೊಡೆಯುತ್ತ ಹೋಯಿತು. ಕಿವಿ ಬಾಗಿಲಲ್ಲೇ ಇತ್ತು. ಏನೂ ಕೇಳಿಸುತ್ತಿರಲಿಲ್ಲ. ಕೂಸಿಗೆ ಉಸಿರು ಸಿಕ್ಕಿಕೊಂಡಿತೇ? ಬಿಸಿಯಾಗಿತ್ತೇ? ಹುಗ್ಗಿಯಲ್ಲಿ ಏಲಕ್ಕಿ ಸಿಪ್ಪೆ ಇದ್ದರೆ? ಹಿಡಿಕೆಗೆ ಕೈ ಹೋಯಿತು. ಹಿಂದೆ ತೆಗೆದೆ. ಮತ್ತೆ ಹೋಯಿತು. ಸುಮ್ಮನಿರದ ಆ ಕೈಗೆ ಏನಾದರೂ ಕೆಲಸ ಕೊಡಬೇಕೆಂದೇ ಮೊಬೈಲ್ ತೆಗೆದೆ.

ಪ್ರಿನ್ಸಿಪಾಲ್ ಮೇಡಂ ಎತ್ತಿದರು.

"ನಾನು ಶ್ರೀರಂಜನಿ, ಮೇಡಂ. ಜೂನಿನಿಂದ ಬರುತ್ತೇನೆ."

"ಖಂಡಿತವಾಗಿಯಾ? ಮತ್ತೆ ನಾಳೆ ಹೇಳುತ್ತೇನೆ ಅನ್ನುವುದಿಲ್ಲವಷ್ಟೇ?"

ಅಷ್ಟರಲ್ಲಿ ಬಾಗಿಲಿನ ಒಳಗಿಂದ ಗುಡುಗಿದಂತೆ ಕೇಳಿಸಿತು: "ನನ್ನ ಆಣಿ ಐತಿ ನೋಡ, ಇನ್ನೊಂದ ತುತ್ತ!" ಅದರ ಹಿಂದೆಯೇ ನನ್ನ ಮಗಳ ನಗು.

"ಏನದು ಗಲಾಟೆ? ಯಾರೋ ಜಗಳಾಡುತ್ತಿದ್ದಾರೆಯೇ?" ಎಂದರು ಮೇಡಂ.

"ಇಲ್ಲ ಮೇಡಂ," ಎಂದೆ, ರಸ್ತೆಯ ಕಡೆಗೇ ಮುಖ ಮಾಡಿಕೊಂಡು. "ನಮ್ಮ ಮನೆಯಲ್ಲಿ ಊಟ ನಡೆದಿದೆ."